ಪೆಡಲು ತುಳಿದರೆ ನಿಲ್ಲುವ ಸದ್ದು



ಗ್ಯಾರೇಜಿಗೆ ಬರುವ ಡ್ರೈವರು ಗಾಡಿಯಿಂದ ಇಳಿದ ಕೂಡಲೇ ಬಾಯಲ್ಲಿ ಸದ್ದು ಮಾಡಿ ತೋರಿಸುತ್ತಾನೆ. "ಮೇಸ್ತ್ರಿ, ಕೆಳಗಡೆ ಗರಗರ ಅಂತೈತೆ" ಅನ್ನುತ್ತಾನೆ. ನಾನು ಕೇಳುತ್ತೇನೆ: "ಗರಗರಾನೋ, ಕರಕರಾನೋ?" ಆಗ ಅವನು ಕಣ್ಣು ಅರ್ಧ ಮುಚ್ಚಿ, ತನ್ನಷ್ಟಕ್ಕೆ ಇನ್ನೊಂದು ಸಲ ಅಂದು ನೋಡಿಕೊಳ್ಳುತ್ತಾನೆ. "ಕರಕರ ಅಲ್ಲ ಮೇಸ್ತ್ರಿ. ಒಂಥರಾ ಗೊರಗೊರ." ಅಷ್ಟು ಹೊತ್ತಿಗೆ ನನ್ನ ಕೆಲಸದ ಕಾಲು ಭಾಗ ಮುಗಿದಿರುತ್ತದೆ. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಒಂದು ಪಾಠ ಇತ್ತು. ಪಟಪಟ, ದಬದಬ, ಜುಳುಜುಳು ಅಂತ ಬರೆದು ಎರಡು ಅಂಕ ತೆಗೆದುಕೊಂಡು ಮರೆತಿದ್ದೆ. ಆ ಪಾಠವೇ ಮುಂದೆ ಅನ್ನ ಹಾಕುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಕ್ಲಚ್ಚು, ಗೇರ್‌ಬಾಕ್ಸುಗಳ ಮಟ್ಟಿಗೆ ಈ ಜೋಡಿ ಪದಗಳು ತುಂಬಾ ಖಚಿತ. ಬೇರಿಂಗಿನ ಗುಂಡು ಓಡುವ ದಾರಿ ಒರಟಾದರೆ ಗೊರಗೊರ. ಗ್ರೀಸು ಒಣಗಿದರೆ ಕೀಂಯ್. ಗೇರು ಬೀಳದೆ ಹಲ್ಲಿಗೆ ಹಲ್ಲು ತಿಕ್ಕಿದರೆ ಕರ್ರ್. ಹಲ್ಲಿನ ಮೈ ಸವೆದಿದ್ದರೆ ಭಾರ ಬಿದ್ದಾಗ ಗುಂಯ್ ಅಂತ ಒಂದೇ ಸಮನೆ ಹಾಡು. ಒಂದು ಹಲ್ಲು ಮಾತ್ರ ಮುರಿದಿದ್ದರೆ ಟಕ್, ಟಕ್, ಟಕ್ ಅಂತ ಎಣಿಸಿಟ್ಟಂತೆ ಬರುತ್ತದೆ; ಚಕ್ರದ ಓಟ ಹೆಚ್ಚಿದರೆ ಎಣಿಕೆಯೂ ಹೆಚ್ಚುತ್ತದೆ.

ಆದರೆ ಸದ್ದು ಎಂಥದ್ದು ಅನ್ನುವುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದು ದೊಡ್ಡದು. ಇವತ್ತು ಈ ರೇಡಿಯೋ ಸ್ಟುಡಿಯೋಗೆ ನಾನು ಹೇಳಲು ಬಂದಿರುವುದು ಇದೊಂದೇ. ಇದಕ್ಕೆ ಪಾನಾ ಬೇಡ, ಜಾಕಿ ಬೇಡ. ಎಡಗಾಲು ಮತ್ತು ಎರಡು ಕಿವಿ ಸಾಕು.

ನನ್ನ ಗ್ಯಾರೇಜು ಕೋಲಾರದ ಕಡೆ. ಬರುವ ಗಾಡಿಗಳಲ್ಲಿ ಮುಕ್ಕಾಲು ಪಾಲು ಪಿಕಪ್ಪು, ಅದರಲ್ಲಿ ಮುಕ್ಕಾಲು ಟೊಮೇಟೊ ಹೊರುವವು. ಒಂದು ಕ್ರೇಟಿಗೆ 15 ಕೆಜಿ ಹಣ್ಣು. ನೂರು ಕ್ರೇಟು ಹೇರಿದರೆ ಒಂದೂವರೆ ಟನ್ನು, ಖಾಲಿ ಕ್ರೇಟಿನ ತೂಕ ಬೇರೆ. ನೂರಕ್ಕೆ ನಿಲ್ಲಿಸುವ ಪುಣ್ಯಾತ್ಮರು ಕಡಿಮೆ. ತೋಟದ ಮೆತ್ತನೆ ಮಣ್ಣಿನಿಂದ ರಸ್ತೆಗೆ ಹತ್ತುವ ಆ ಇಪ್ಪತ್ತು ಅಡಿ ಏರು ಇದೆಯಲ್ಲ, ಅಲ್ಲಿ ಹಾಫ್ ಕ್ಲಚ್ಚಿನಲ್ಲಿ ಎಳೆಯುವಾಗ ಪ್ಲೇಟು ಸವೆಯುವಷ್ಟು, ಅಲ್ಲಿಂದ ಮುಳಬಾಗಿಲು, ನಂಗಲಿ, ಮೊಗಿಲಿ ಘಾಟಿ ದಾಟಿ ಮದರಾಸು ಮುಟ್ಟಿದರೂ ಸವೆಯುವುದಿಲ್ಲ.

ಅಂಥದ್ದೇ ಒಂದು ಗಾಡಿ ಎರಡು ವರ್ಷದ ಹಿಂದೆ ಬಂತು. ಡ್ರೈವರು ಇಳಿದವನೇ ಅಂದ: "ಕ್ಲಚ್ ತುಳಿದ್ರೆ ಸದ್ದು ನಿಂತೋಗ್ತೈತೆ ಮೇಸ್ತ್ರಿ, ಬಿಟ್ರೆ ಬತ್ತೈತೆ. ಅದಕ್ಕೇ ಬೇರೆ ಕಡೆ ಕ್ಲಚ್ ಸೆಟ್ಟೇ ಹಾಕ್ಸಿದೆ. ಎಂಟು ದಿನ ಆಯ್ತು, ಸದ್ದು ಹಂಗೇ ಐತೆ."

ಕ್ಲಚ್ಚು ತುಳಿದರೆ ಸದ್ದು ನಿಲ್ಲುತ್ತದೆ, ಆದ್ದರಿಂದ ಸದ್ದು ಕ್ಲಚ್ಚಿನದು. ಎಂಥವರಿಗೂ ಸರಿ ಅನ್ನಿಸುವ ಮಾತು, ಆದರೆ ತಲೆಕೆಳಗು. ಯಾಕೆ ಅಂತ ತಿಳಿಯಬೇಕಾದರೆ ಒಳಗೆ ಯಾವುದು ತಿರುಗುತ್ತದೆ, ಯಾವುದು ನಿಂತಿರುತ್ತದೆ ಅನ್ನುವುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು.

ಎಂಜಿನ್ನಿನ ಹಿಂಭಾಗದಲ್ಲಿ ಭಾರವಾದ ಕಬ್ಬಿಣದ ಚಕ್ರ ಇದೆ, ಫ್ಲೈವೀಲು. ಅದರ ಬೆನ್ನಿಗೆ ಬೋಲ್ಟು ಹಾಕಿ ಕೂರಿಸಿದ್ದು ಪ್ರೆಷರ್ ಪ್ಲೇಟು. ಎರಡು ಅಂಗೈಗಳ ನಡುವೆ ರೊಟ್ಟಿ ಹಿಡಿದಂತೆ ಇವೆರಡರ ನಡುವೆ ಕ್ಲಚ್ ಪ್ಲೇಟು. ಆ ರೊಟ್ಟಿಯ ನಡುವಿನ ಹಲ್ಲುತೂತಿನಲ್ಲಿ ಗೇರ್‌ಬಾಕ್ಸಿನ ಮೊದಲ ಶಾಫ್ಟು ಕೂತಿರುತ್ತದೆ. ಕಾಲು ತೆಗೆದಿದ್ದರೆ ಅಂಗೈ ಬಿಗಿ. ಎಂಜಿನ್ನು, ಪ್ಲೇಟು, ಶಾಫ್ಟು ಒಟ್ಟಿಗೆ ತಿರುಗುತ್ತವೆ. ನ್ಯೂಟ್ರಲ್‌ನಲ್ಲಿ ನಿಂತ ಗಾಡಿಯಲ್ಲೂ ಗೇರ್‌ಬಾಕ್ಸಿನ ಒಳಗೆ ಮೊದಲ ಶಾಫ್ಟು, ಅದು ತಿರುಗಿಸುವ ಲೇ ಶಾಫ್ಟು, ಅದರ ಹಲ್ಲಿಗೆ ಕಚ್ಚಿಕೊಂಡ ಗೇರುಗಳು ಎಲ್ಲವೂ ಸುಮ್ಮನೆ ಸುತ್ತುತ್ತಲೇ ಇರುತ್ತವೆ. ಪೆಡಲು ತುಳಿದಾಗ ರಿಲೀಸ್ ಬೇರಿಂಗು ಮುಂದೆ ಸರಿದು ಪ್ರೆಷರ್ ಪ್ಲೇಟಿನ ಫಿಂಗರುಗಳನ್ನು ಒತ್ತುತ್ತದೆ, ಅಂಗೈ ಸಡಿಲವಾಗುತ್ತದೆ. ಎಂಜಿನ್ನು ತನ್ನ ಪಾಡಿಗೆ ತಿರುಗುತ್ತದೆ. ಗೇರ್‌ಬಾಕ್ಸಿನ ಒಳಗಿನ ಸಂಸಾರ ನಿಧಾನವಾಗಿ ನಿಲ್ಲುತ್ತದೆ.

ಈಗ ಹೇಳಿ, ತುಳಿದರೆ ನಿಲ್ಲುವ ಸದ್ದು ಯಾರದು? ತುಳಿದಾಗ ಯಾರು ನಿಂತರೋ ಅವರದು. ಅಂದರೆ ಗೇರ್‌ಬಾಕ್ಸಿನದು. ಕ್ಲಚ್ಚಿನ ರಿಲೀಸ್ ಬೇರಿಂಗಾದರೆ ಉಲ್ಟಾ. ಪೆಡಲಿಗೆ ಫ್ರೀ ಪ್ಲೇ, ಅಂದರೆ ಕಾಲಿಗೆ ಭಾರ ಸಿಗುವ ಮೊದಲಿನ ಸಡಿಲ ಓಟ, ಇರುವ ಗಾಡಿಯಲ್ಲಿ ಅದು ಕೆಲಸಕ್ಕೆ ಇಳಿಯುವುದೇ ನೀವು ತುಳಿದಾಗ. ಆದ್ದರಿಂದ ಅದರ ಅಳು ಶುರುವಾಗುವುದೂ ಆವಾಗಲೇ.

ಆ ಡ್ರೈವರನ್ನು ಸೀಟಿನಲ್ಲಿ ಕೂರಿಸಿ, ಹ್ಯಾಂಡ್‌ಬ್ರೇಕು ಎಳೆಸಿ, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಎಂಜಿನ್ನು ಚಾಲು ಮಾಡಿಸಿದೆ. ಗೊರಗೊರ ಅಂತ ಸದ್ದು ಬರುತ್ತಿತ್ತು. "ತುಳಿ" ಅಂದೆ. ನಿಂತಿತು. "ಬಿಡು." ಬಂತು. "ಈಗ ಮತ್ತೆ ತುಳಿ, ಸುಮ್ಮನೆ ಕೇಳು." ಸ್ವಿಚ್ಚು ಆರಿಸಿದ ಹಾಗೆ ಅದು ತಟಕ್ಕನೆ ನಿಲ್ಲಲಿಲ್ಲ. ಬುಗುರಿ ಸುಸ್ತಾಗಿ ಮಲಗುವಂತೆ ಗೊರ… ಗೊರ… ಗೊರ ಅಂತ ಇಳಿದು, ಎರಡು ಸೆಕೆಂಡು ತೆಗೆದುಕೊಂಡು ನಿಂತಿತು. ಆ ಎರಡು ಸೆಕೆಂಡಿನಲ್ಲೇ ಉತ್ತರ ಇದೆ. ಎಂಜಿನ್ನು ಕೈಬಿಟ್ಟ ಶಾಫ್ಟುಗಳು ತಮ್ಮ ಓಟದ ಬಲದಲ್ಲೇ ಇನ್ನೊಂದಿಷ್ಟು ಸುತ್ತಿ ನಿಲ್ಲುವ ಹೊತ್ತು ಅದು. ಡ್ರೈವರಿಗೆ ಹೊಳೆಯಿತು. ಸ್ಟಿಯರಿಂಗಿನ ಮೇಲೆ ಹಣೆ ಇಟ್ಟುಕೊಂಡು, "ಕ್ಲಚ್ ಸೆಟ್ಟಿನ ದುಡ್ಡು ಹೋಯ್ತಲ್ಲ ಮೇಸ್ತ್ರಿ" ಅಂದ. ಅದಕ್ಕೆ ನನ್ನ ಹತ್ತಿರ ಔಷಧಿ ಇರಲಿಲ್ಲ.

ಮುಂದಿನ ಕಥೆ ಆಮೇಲೆ ಹೇಳುತ್ತೇನೆ. ಪೆಡಲಿನ ಪರೀಕ್ಷೆಯನ್ನೇ ಇನ್ನೊಂದಿಷ್ಟು ನೋಡೋಣ. ಇದನ್ನು ಎಂಜಿನ್ನು ಆರಿಸಿಕೊಂಡೇ ಶುರು ಮಾಡಬೇಕು. ಕಿಟಕಿ ಏರಿಸಿ, ನಿಶ್ಶಬ್ದದಲ್ಲಿ ಪೆಡಲನ್ನು ನಾಲ್ಕು ಸಲ ಮೆಲ್ಲಗೆ ತುಳಿದು ಬಿಡಿ. ಆಗಲೇ ಕಿರ್ ಕಿರ್ ಅಂದರೆ ಪೆಡಲಿನ ಬುಷ್ಷೋ, ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗಿನೊಳಗೆ ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕು ಕೂರುವ ಜಾಗವೋ ಒಣಗಿದೆ ಅಂತ ಅರ್ಥ. ತಿರುಗುವ ಯಾವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಪೆಡಲಿನದಾದರೆ ಹತ್ತು ರೂಪಾಯಿ ಗ್ರೀಸಿನಲ್ಲಿ ಮುಗಿಯುವ ಕೆಲಸ.

ಆಮೇಲೆ ಎಂಜಿನ್ನು ಚಾಲು ಮಾಡಿ ಪೆಡಲನ್ನು ಒಂದು ಬೆರಳಿನಷ್ಟು ಮಾತ್ರ ಒತ್ತಿ. ಫ್ರೀ ಪ್ಲೇ ಮುಗಿದು ಕಾಲಿಗೆ ಭಾರ ಸಿಕ್ಕಿದ ಆ ಗಳಿಗೆಯಲ್ಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗು. ಪೂರ್ತಿ ತುಳಿದಾಗ ಇನ್ನೂ ಜೋರಾಗುತ್ತದೆ. ಕೆಲವು ಗಾಡಿಗಳಲ್ಲಿ ಉಲ್ಟಾ ಇರುತ್ತದೆ: ಸುಮ್ಮನೆ ನಿಂತಾಗ ಗುಬ್ಬಚ್ಚಿ ಮರಿಯಂತೆ ಚಿಂವ್ ಚಿಂವ್ ಅನ್ನುತ್ತಿರುತ್ತದೆ, ಪೆಡಲಿನ ಮೇಲೆ ಕಾಲು ಸೋಕಿಸಿದರೆ ಸುಮ್ಮನಾಗುತ್ತದೆ. ಇದು ಗೇರ್‌ಬಾಕ್ಸಿನ ಸದ್ದಲ್ಲ; ರಿಲೀಸ್ ಬೇರಿಂಗು ಫಿಂಗರುಗಳಿಗೆ ಅರೆಬರೆ ತಾಗಿ ಅಲುಗಾಡುತ್ತಿದೆ ಅಥವಾ ಫೋರ್ಕು ಸಡಿಲ ಆಗಿದೆ ಅಂತ ತಿಳಿಯಬಹುದು.

ಎಲ್ಲರೂ ಮರೆಯುವ ಬೇರಿಂಗು ಇನ್ನೊಂದಿದೆ. ಗೇರ್‌ಬಾಕ್ಸಿನ ಮೊದಲ ಶಾಫ್ಟಿನ ಮೂತಿ ಹೋಗಿ ಕೂರುವುದು ಎಂಜಿನ್ನಿನ ಕ್ರ್ಯಾಂಕಿನ ತುದಿಯ ಸಣ್ಣ ಪೈಲಟ್ ಬೇರಿಂಗಿನಲ್ಲಿ. ಕ್ಲಚ್ಚು ಹಿಡಿದಿರುವಾಗ ಕ್ರ್ಯಾಂಕೂ ಶಾಫ್ಟೂ ಒಂದೇ ವೇಗ, ಈ ಬೇರಿಂಗಿಗೆ ಕೆಲಸವೇ ಇಲ್ಲ. ಜೊತೆಯಲ್ಲಿ ನಡೆಯುವವರ ನಡುವೆ ತಿಕ್ಕಾಟ ಎಲ್ಲಿ ಬರಬೇಕು? ಪೆಡಲು ಪೂರ್ತಿ ತುಳಿದು, ಗೇರು ಹಾಕಿ, ಸಿಗ್ನಲ್ಲಿನಲ್ಲಿ ನಿಂತಾಗ ಹಾಗಲ್ಲ, ಕ್ರ್ಯಾಂಕು ತಿರುಗುತ್ತಿರುತ್ತದೆ, ಶಾಫ್ಟು ಕಂಬದಂತೆ ನಿಂತಿರುತ್ತದೆ. ನ್ಯೂಟ್ರಲ್‌ನಲ್ಲಿ ತುಳಿದಾಗ ಇರುವುದಕ್ಕಿಂತ ಫಸ್ಟ್ ಗೇರು ಹಾಕಿ ತುಳಿದಿದ್ದಾಗ ಕೀಂಯ್ ಜಾಸ್ತಿಯಾದರೆ ಅನುಮಾನ ಈ ಪೈಲಟ್ಟಿನ ಮೇಲೆ. ಈ ಪರೀಕ್ಷೆ ಮಾಡುವಾಗ ಗಾಡಿಯ ಮುಂದೆ ಯಾರೂ ನಿಲ್ಲಬಾರದು. ಕಾಲು ಜಾರಿದರೆ ಗಾಡಿ ನುಗ್ಗುತ್ತದೆ.

ಆ ಪೈಲಟ್ ಬೇರಿಂಗನ್ನು ಹೊರಗೆ ತೆಗೆಯುವುದು ಒಂದು ಮೋಜು. ಕುರುಡು ತೂತಿನೊಳಗೆ ಕೂತಿರುತ್ತದೆ, ಹಿಂದಿನಿಂದ ತಳ್ಳಲು ಜಾಗವಿಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ತೂತಿನ ತುಂಬ ಗ್ರೀಸು ತುರುಕಿ, ಬೇರಿಂಗಿನ ಬಾಯಿಗೆ ಸರಿಯಾಗಿ ಹೊಂದುವ ಉರುಟು ಸರಳು ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಳಗಿನ ಗ್ರೀಸಿಗೆ ಹೋಗಲು ದಾರಿಯಿಲ್ಲದೆ ಬೇರಿಂಗನ್ನೇ ಹಿಂದಿನಿಂದ ಹೊರಕ್ಕೆ ನೂಕುತ್ತಿತ್ತು. ಗ್ರೀಸು ಪಕ್ಕದಲ್ಲಿ ಜಾರಿ ಮೈಗೆಲ್ಲ ಸಿಡಿದರೆ ಒದ್ದೆ ಬ್ರೆಡ್ಡು ತುರುಕುತ್ತಿದ್ದರು. ಬೇಕರಿಗೆ ಓಡಿ ಬ್ರೆಡ್ಡು ತರುವುದು ನನ್ನ ಕೆಲಸ. ಅರ್ಧ ಬ್ರೆಡ್ಡು ಬೇರಿಂಗಿಗೆ, ಅರ್ಧ ನನಗೆ.

ಈಗ ಆ ಟೊಮೇಟೊ ಗಾಡಿಗೆ ಬರೋಣ. ಸದ್ದು ಗೇರ್‌ಬಾಕ್ಸಿನದು ಅಂತ ಆಯಿತು. ಒಳಗೆ ಯಾವುದು? ಇದಕ್ಕೆ ಗಾಡಿ ಓಡಿಸಿ ನೋಡಬೇಕು. ಹಿಂದಿನ ಚಕ್ರ ಎಳೆಯುವ ಪಿಕಪ್ಪುಗಳ ಐದು ಗೇರಿನ ಬಾಕ್ಸಿನಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರು. ಉಳಿದ ಗೇರುಗಳಲ್ಲಿ ಎಂಜಿನ್ನಿನ ಬಲ ಮೊದಲ ಶಾಫ್ಟಿನಿಂದ ಕೆಳಗಿನ ಲೇ ಶಾಫ್ಟಿಗೆ ಇಳಿದು, ಅಲ್ಲಿಂದ ಮತ್ತೆ ಮೇಲೆ ಮೇನ್ ಶಾಫ್ಟಿಗೆ ಹತ್ತುತ್ತದೆ. ನಾಲ್ಕರಲ್ಲಿ ಮೊದಲ ಶಾಫ್ಟೂ ಮೇನ್ ಶಾಫ್ಟೂ ನೇರ ಕೈ ಹಿಡಿಯುತ್ತವೆ. ಲೇ ಶಾಫ್ಟು ಭಾರವಿಲ್ಲದೆ ಸುಮ್ಮನೆ ತಿರುಗುತ್ತದೆ. ಆದ್ದರಿಂದ ನಾಲ್ಕರಲ್ಲಿ ತಗ್ಗಿ, ಉಳಿದವುಗಳಲ್ಲಿ ಜೋರಾಗುವ ಸದ್ದು ಲೇ ಶಾಫ್ಟಿನ ಕಡೆ ಬೆರಳು ತೋರಿಸುತ್ತದೆ. ಒಂದೇ ಒಂದು ಗೇರಿನಲ್ಲಿ ಮಾತ್ರ ಬರುವ ಗುಂಯ್ ಆ ಗೇರಿನ ಹಲ್ಲಿನದು. ರಿವರ್ಸಿನಲ್ಲಿ ಬರುವ ಗುಂಯ್‌ಗೆ ಹೆದರಬೇಡಿ. ಎಷ್ಟೋ ಬಾಕ್ಸುಗಳಲ್ಲಿ ರಿವರ್ಸಿಗೆ ನೇರ ಹಲ್ಲು, ಮಿಕ್ಕವಕ್ಕೆ ಓರೆ ಹಲ್ಲು. ನೇರ ಹಲ್ಲು ಹುಟ್ಟಿನಿಂದಲೇ ಗದ್ದಲದ್ದು.

ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ರಸ್ತೆಗೆ ಹೋದೆ. ಎರಡರಲ್ಲಿ ಗೊರಗೊರ, ಮೂರರಲ್ಲಿ ಗೊರಗೊರ, ನಾಲ್ಕಕ್ಕೆ ಹಾಕಿದ ಕೂಡಲೇ ಯಾರೋ ಬಾಗಿಲು ಮುಚ್ಚಿದ ಹಾಗೆ ತಗ್ಗಿತು. ಐದಕ್ಕೆ ಮತ್ತೆ ಬಂತು. ವಾಪಸು ಬಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬಾಕ್ಸಿನ ಮೈಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡೆ. 1816ರಲ್ಲಿ ಪ್ಯಾರಿಸ್ಸಿನಲ್ಲಿ ಲೆನೆಕ್ ಅನ್ನುವ ವೈದ್ಯರು ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಕೇಳಿದರಂತೆ, ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. ನಮ್ಮದು ಸ್ವಲ್ಪ ಒರಟು, ಕೆಲಸ ಅದೇ. ಮುಂದಿನ ಕೆಳಭಾಗದಲ್ಲಿ, ಲೇ ಶಾಫ್ಟಿನ ಮುಂಬೇರಿಂಗು ಕೂರುವ ಕಡೆ, ಕಿವಿಯೊಳಗೆ ಯಾರೋ ಜಲ್ಲಿ ಅರೆದಂತಾಯಿತು. ಎರಡು ಗೇಣು ಹಿಂದಕ್ಕೆ ಸರಿಸಿದರೆ ಅಷ್ಟಿಲ್ಲ.

ಬಾಕ್ಸು ಇಳಿಸುವ ಮೊದಲು ಆಯಿಲು ಇಳಿಸಿದೆ. ಪುಸ್ತಕದ ಲೆಕ್ಕದ ಅರ್ಧವೂ ಬೀಳಲಿಲ್ಲ. ಕಪ್ಪಗೆ, ಸುಟ್ಟ ವಾಸನೆ. ಡ್ರೈನ್ ಪ್ಲಗ್ಗಿನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಹಿಟ್ಟು ಮೆತ್ತಿದ್ದರೆ ಚಿಂತೆಯಿಲ್ಲ, ಅದು ವಯಸ್ಸಿನ ಸವೆತ. ಇದರಲ್ಲಿ ಹಿಟ್ಟಿನ ನಡುವೆ ಉಗುರಿನ ಚೂರಿನಂಥ ಉಕ್ಕಿನ ಸಿಬಿರುಗಳು ನಿಂತಿದ್ದವು. ಹಿಂದಿನ ಆಯಿಲ್ ಸೀಲು ಎಷ್ಟು ತಿಂಗಳಿನಿಂದ ಸೋರುತ್ತಿತ್ತೋ, ಬಾಕ್ಸಿನ ಬಾಲವೆಲ್ಲ ಎಣ್ಣೆ ಮಣ್ಣಿನ ಹೆಪ್ಪು. ಕ್ಲಚ್ ಸೆಟ್ಟು ಹಾಕಲು ಅದೇ ಬಾಕ್ಸನ್ನು ಇಳಿಸಿ ಏರಿಸಿದವರು, ಪಕ್ಕದ ಪ್ಲಗ್ಗು ಬಿಚ್ಚಿ ಬೆರಳು ತೂರಿಸಿ ನೋಡಿದ್ದರೆ ಸಾಕಿತ್ತು. ಹೆಚ್ಚಿನ ಗಾಡಿಗಳಲ್ಲಿ ಆಯಿಲು ಆ ತೂತಿನ ಕೆಳ ಅಂಚಿನ ತನಕ ಇರಬೇಕು, ಅಷ್ಟೇ ಲೆಕ್ಕ.

ಆಯಿಲಿನ ವಿಷಯದಲ್ಲಿ ಒಂದು ಮಾತು. ಹಿಂದಿನ ಡಿಫರೆನ್ಷಿಯಲ್ ಹೌಸಿಂಗಿಗೆ ತಂದ ಜಿಎಲ್-5 ಆಯಿಲು ಉಳಿಯಿತು ಅಂತ ಗೇರ್‌ಬಾಕ್ಸಿಗೂ ಸುರಿಯುವವರಿದ್ದಾರೆ. ಹೌಸಿಂಗಿನ ಆಯಿಲು, ಗೇರ್‌ಬಾಕ್ಸಿನ ಆಯಿಲು ಎರಡರ ಡಬ್ಬಿಯ ಮೇಲೂ 80-90 ಅಂತಲೇ ಬರೆದಿರಬಹುದು, ನಿಜ. ಆದರೆ ಜಿಎಲ್-5ಕ್ಕೆ ಸೇರಿಸಿರುವ ಗಂಧಕದ ಅಂಶ ಕೆಲವು ಬಾಕ್ಸುಗಳ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಒಗ್ಗುವುದಿಲ್ಲ. ಗಾಡಿಯ ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನೇ ಹಾಕಿ. ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದಾಗ ಚಿನ್ನದ ಪುಡಿಯಂತೆ ಮಿನುಗಿದರೆ ಸವೆಯುತ್ತಿರುವುದು ಆ ರಿಂಗು.

ಸಿಂಕ್ರೊ ಅನ್ನುವ ಏರ್ಪಾಡು ಬಂದದ್ದು 1928ರಲ್ಲಿ, ಕ್ಯಾಡಿಲಾಕ್ ಕಾರಿನಲ್ಲಿ. ಅದಕ್ಕೆ ಮೊದಲು ಗೇರು ಬದಲಿಸುವುದೇ ಒಂದು ವಿದ್ಯೆ. ಹಳೇ ಲಾರಿಗಳ ಡ್ರೈವರುಗಳು ಒಂದು ಗೇರಿಗೆ ಎರಡು ಸಲ ಕ್ಲಚ್ಚು ತುಳಿಯುತ್ತಿದ್ದದ್ದು ಶೋಕಿಗಲ್ಲ. ನಡುವೆ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರು ಕೊಟ್ಟು ಹಲ್ಲುಗಳ ವೇಗವನ್ನು ತಾವೇ ಹೊಂದಿಸುತ್ತಿದ್ದರು. ಈಗ ಆ ಕೆಲಸ ಹಿತ್ತಾಳೆ ರಿಂಗಿನದು. ಆತುರದಲ್ಲಿ ಮೂರನೇ ಗೇರಿಗೆ ಮಾತ್ರ ಕರ್ರ್ ಅಂದರೆ ಆ ಗೇರಿನ ರಿಂಗು ಸವೆದಿದೆ. ರಿವರ್ಸಿಗೆ ಕರ್ರ್ ಅಂದರೆ, ಕ್ಲಚ್ಚು ತುಳಿದು ಐದು ಎಣಿಸಿ ಹಾಕಿ ನೋಡಿ. ಆಗ ಮೆತ್ತಗೆ ಬಿದ್ದರೆ ನಿಮ್ಮ ಆತುರದ ತಪ್ಪು. ಐದು ಎಣಿಸಿದ ಮೇಲೂ ಕರ್ರ್ ಅಂದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ.

ಎಲ್ಲ ಸದ್ದೂ ರೋಗವಲ್ಲ ಅನ್ನುವುದನ್ನೂ ಹೇಳಬೇಕು. ಡೀಸೆಲ್ ಗಾಡಿ ನ್ಯೂಟ್ರಲ್‌ನಲ್ಲಿ ನಿಂತಾಗ ಸಣ್ಣಗೆ ಟಕಟಕ ಅಂದು, ಆಕ್ಸಿಲರೇಟರು ಒಂದಿಷ್ಟು ಒತ್ತಿದರೆ ಮಾಯವಾಗುವುದುಂಟು. ಎಂಜಿನ್ನಿನ ಒಂದೊಂದು ಹೊಡೆತಕ್ಕೂ ಭಾರವಿಲ್ಲದ ಗೇರುಗಳ ಹಲ್ಲು ಹಿಂದೆ ಮುಂದೆ ತಾಗುವ ಸದ್ದು ಅದು. ಹೊಸದಾಗಿ ಜೋರಾಗಿದ್ದರೆ ಕ್ಲಚ್ ಪ್ಲೇಟಿನ ನಡುವಿನ ಸ್ಪ್ರಿಂಗುಗಳನ್ನು ಅನುಮಾನಿಸಬಹುದು. ಇನ್ನು ಕ್ಲಚ್ಚು ತುಳಿದರೂ ನ್ಯೂಟ್ರಲ್ ಮಾಡಿದರೂ ಕೇರ್ ಮಾಡದೆ, ಗಾಡಿಯ ವೇಗಕ್ಕೆ ತಕ್ಕಂತೆ ಏರಿ ಇಳಿಯುವ ಸದ್ದು ಇದ್ದರೆ ಅದರ ಮನೆ ಹಿಂದಿದೆ: ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸು, ಸೆಂಟರ್ ಬೇರಿಂಗು, ಡಿಫರೆನ್ಷಿಯಲ್ಲು, ಚಕ್ರದ ಬೇರಿಂಗು. ಕ್ಲಚ್ಚು ಬಿಡುವಾಗ ಒಂದೇ ಸಲ ಟಣ್ ಅನ್ನುವುದು ಬಹುಪಾಲು ಕ್ರಾಸು. ವೇಗಕ್ಕೆ ತಕ್ಕಂತೆ ಬರುವ ಸದ್ದನ್ನು ಪರೀಕ್ಷಿಸಲು ಸಮತಟ್ಟಾದ ಖಾಲಿ ರಸ್ತೆ ಬೇಕು. ಘಾಟಿಯ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಸದ್ದು ಕೇಳಲು ಹೋಗಬೇಡಿ, ಕೈಮುಗಿಯುತ್ತೇನೆ.

ನಾನೂ ಮುಖಭಂಗ ಅನುಭವಿಸಿದವನೇ. ಸ್ವಂತ ಗ್ಯಾರೇಜು ಇಟ್ಟ ಹೊಸತು. ಒಂದು ಗಾಡಿ ಬೆಲ್ ಹೌಸಿಂಗಿನ ಹತ್ತಿರ ಜಿರ್ರ್ ಅನ್ನುತ್ತಿತ್ತು. ತುಳಿದರೂ ಜಿರ್ರ್, ಬಿಟ್ಟರೂ ಜಿರ್ರ್. ನಿಂತ ಗಾಡಿಯಲ್ಲಿ ಪೆಡಲಿಗೆ ಬಗ್ಗದ ಸದ್ದು ಎಂಜಿನ್ನಿನ ಕಡೆಯದು ಅಂತ ಯೋಚಿಸುವ ತಾಳ್ಮೆ ಆಗ ಎಲ್ಲಿತ್ತು? ಅರ್ಧ ದಿನ ಬೆವರು ಸುರಿಸಿ ಬಾಕ್ಸು ಇಳಿಸಿದೆ. ಕ್ಲಚ್ಚು ಸರಿಯಾಗಿತ್ತು, ಬೇರಿಂಗು ಸರಿಯಾಗಿತ್ತು. ಕೆಳಗೆ ದೂಳು ಹೋಗದಂತೆ ಮುಚ್ಚುವ ತೆಳ್ಳನೆ ತಗಡು ಕಲ್ಲು ಬಡಿದು ಬಾಗಿ ಫ್ಲೈವೀಲಿಗೆ ತಾಗುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದೆ, ನೇರವಾಯಿತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವುದು ಅಂದರೆ ಏನು ಅಂತ ಗೊತ್ತಾಯಿತು. ಗಾಡಿಯವರ ಹತ್ತಿರ ಕೂಲಿ ಕೇಳಲು ಬಾಯಿ ಬರಲಿಲ್ಲ.

ಕೆಲವರು ಫೋನು ಮಾಡಿ, ಎಂಜಿನ್ನಿನ ಹತ್ತಿರ ಹಿಡಿದು, "ಕೇಳಿಸ್ತಾ ಮೇಸ್ತ್ರಿ, ಏನದು?" ಅನ್ನುತ್ತಾರೆ. ಫೋನಿನ ವ್ಯವಸ್ಥೆಯನ್ನು ಕಟ್ಟಿದ್ದು ಮನುಷ್ಯರ ಮಾತಿಗೆ, ಹಳೇ ಲೈನುಗಳಲ್ಲಿ ಸುಮಾರು 300ರಿಂದ 3400 ಹರ್ಟ್ಸ್ ತನಕ. ತಗ್ಗಿನ ಗುಂಯ್ ದಾರಿಯಲ್ಲೇ ಉಳಿದುಹೋಗುವುದುಂಟು. ಅದರ ಬದಲು ಬಾಯಲ್ಲಿ ಹೇಳಿ: ತುಳಿದಾಗ ಏನಾಗುತ್ತದೆ, ಬಿಟ್ಟಾಗ ಏನಾಗುತ್ತದೆ, ನಾಲ್ಕರಲ್ಲಿ ಏನಾಗುತ್ತದೆ.

ಆ ಟೊಮೇಟೊ ಗಾಡಿಗೆ ಲೇ ಶಾಫ್ಟಿನ ಎರಡೂ ಬೇರಿಂಗು, ಎಲ್ಲ ಸೀಲು ಹೊಸದು ಹಾಕಿದೆವು. ಹಲ್ಲುಗಳು ಪುಣ್ಯಕ್ಕೆ ಉಳಿದಿದ್ದವು. ಗಾಡಿ ಇನ್ನೂ ಓಡುತ್ತಿದೆ, ಕ್ರೇಟಿನ ಲೆಕ್ಕ ನಾನು ಕೇಳುವುದಿಲ್ಲ. ಬಿಚ್ಚಿದ ಮುಂಬೇರಿಂಗನ್ನು ಗ್ಯಾರೇಜಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಬಂದವರ ಕೈಗೆ ಕೊಟ್ಟು ತಿರುಗಿಸಿ ನೋಡಿ ಅನ್ನುತ್ತೇನೆ. ಇವತ್ತು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದೇನೆ, ಜೊತೆಗೆ ಅದೇ ಅಳತೆಯ ಹೊಸದೊಂದು. ಸ್ಟುಡಿಯೋದವರು ಮೈಕಿನ ಹತ್ತಿರ ಹಿಡಿಯಬಹುದು ಅಂದಿದ್ದಾರೆ.

ಇದು ಹೊಸದು. ತಿರುಗಿಸುತ್ತಿದ್ದೇನೆ. ಏನೂ ಕೇಳಿಸಲಿಲ್ಲ ಅಲ್ಲವೇ? ರೇಡಿಯೋ ಕೆಟ್ಟಿಲ್ಲ, ಅದು ಹಾಗೇ ಇರಬೇಕು. ಇನ್ನು ಇದು ಆ ಗಾಡಿಯದು. ವಾಲ್ಯೂಮು ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ.